ಕೂಡಿಡುವುದೂ ಬಚ್ಚಿಡುವುದೂ

ಐದನೆಯ ತರಗತಿಯಲ್ಲಿ ಇಂಗ್ಲಿಷ್ ಪಾಠ ನಡೆದಿತ್ತು. ‘ಅಕ್ಯುಮುಲೇಟ್’ ಎಂಬ ಪದಕ್ಕೆ ಸ್ವಲ್ಪಸ್ವಲ್ಪವಾಗಿ ಕೂಡಿಡುವುದೆಂದು ಅರ್ಥ ಬರೆಸಿ, ಇರುವೆಯ ನಿದರ್ಶನವನ್ನು ಕೊಟ್ಟೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಮೇಷ್ಟ್ರೇ, ಜಿಪುಣ ದುಡ್ಡು ಕೂಡಿಡೋದಕ್ಕೂ ಇದೇ ಮಾತಾ?” ಎಂದು ಕೇಳಿದನು. ಹೌದೆಂದೆನು. “ಹಾಗಾದರೆ ಇರುವೆಯನ್ನ ಹೊಗಳಿ ಜಿಪುಣನನ್ನ ಯಾಕೆ ಬೈತೀವಿ?” ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಪಾರಾದೆನು. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಮೊದಲು ಮಾತುಗಳನ್ನೇ ವಿಚಾರಿಸಿ ನೋಡಿದೆನು. ಅಕ್ಯುಮುಲೇಟ್ ಎಂಬುದರ ಒಡಲಲ್ಲಿರುವುದು ಲ್ಯಾಟಿನ್ನಿನ ‘ಕ್ಯುಮುಲಸ್’, ಎಂದರೆ ರಾಶಿ. ರಾಶಿಗೆ ಪಾಪಪುಣ್ಯಗಳಿಲ್ಲ, ಕಸದ್ದೂ ರಾಶಿಯೇ, ರಾಗಿಯದೂ ರಾಶಿಯೇ. ‘ಅಮಾಸ್’ ಎಂಬುದರ ಮೂಲಾರ್ಥ ನಾದಿದ ಹಿಟ್ಟಿನ ಉಂಡೆ. ನಮ್ಮ ಸೀಮೆಯವರಿಗೆ ಮುದ್ದೆ ಎಂದರೆ ಸಾಕು. ‘ಅಕ್ರೂ’ ಎಂಬುದು ಬೆಳೆಯುವುದೆಂಬ ಧಾತುವಿನಿಂದ ಬಂದುದು. ನಾವು ಮಲಗಿರುವಾಗಲೂ ಬಡ್ಡಿ ತಾನಾಗಿ ಕೂಡಿಕೊಳ್ಳುವುದಲ್ಲವೆ, ಹಾಗೆ. ‘ಗ್ಲೀನ್’ ಎಂದರೆ ಕೊಯ್ಲಾದ ಹೊಲದಲ್ಲಿ ಉದುರಿದ ತೆನೆಗಳನ್ನು ಆಯುವುದು. ಇದಕ್ಕೆ ಕನ್ನಡದಲ್ಲಿ ಹಕ್ಕಲಾಯುವುದೆಂಬ ಸೊಗಸಾದ ಮಾತಿದ್ದರೂ ಮಕ್ಕಳಿಗೆ ಅದು ತಿಳಿಯದು. ಮೊದಲು ಕನ್ನಡವನ್ನೇ ಬಿಡಿಸಿ ಹೇಳಬೇಕಾಯಿತು. ‘ಹೋರ್ಡ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ನಿಧಿಯನ್ನು ಹೇಳುತ್ತಿತ್ತು. ಆ ಕಾಲದ ಕವಿಗಳು ಒಬ್ಬನ ಮಾತಿನ ಸಂಪತ್ತನ್ನೂ ಶಬ್ದಗಳ ನಿಧಿಯೆಂದೇ ಕರೆದರು. ಇಂದು ಆ ಪದಕ್ಕೆ ಕಾಳಸಂತೆಯ ನಾತ ಅಂಟಿಕೊಂಡಿದೆ.

‘ಕಲೆಕ್ಟ್’ ಎಂಬುದು ನಮ್ಮೂರಿಗೆ ತೀರ ಹತ್ತಿರದ ಮಾತು. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಸೀಮೆ ಕುಂಪಣಿಯ ಕೈಸೇರಿದಾಗ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಇಲ್ಲಿಗೆ ಕಲೆಕ್ಟರನಾಗಿ ಬಂದನು. ಅವನ ಸಹಾಯಕನಾದ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ನೆಲೆಸಿ 1799ರವರೆಗೆ ಕೆಲಸ ಮಾಡಿದನು. ಕಂದಾಯವನ್ನು ಕೂಡಿಸುವವನು ಎಂಬುದೇ ಆ ಹುದ್ದೆಯ ಹೆಸರಿನ ಅರ್ಥ. ಆದರೆ ಆ ಪದದ ಲ್ಯಾಟಿನ್ ಧಾತುವಿಗೆ ಎರಡು ಅರ್ಥಗಳುಂಟು: ಆಯುವುದು, ಓದುವುದು. ಈ ಎರಡನೆಯ ಅರ್ಥದ ಕಡೆಗೆ ಮುಂದೆ ಬರುತ್ತೇನೆ.

ಮಾತುಗಳಿಂದ ಹುಡುಗನಿಗೆ ಉತ್ತರ ದೊರೆಯಲಿಲ್ಲ. ಬಚ್ಚಿಡುವುದು ತಪ್ಪು, ಕೂಡಿಡುವುದು ಸರಿ ಎಂದುಬಿಡೋಣವೆ? ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ, ನೆಲದೊಳಗೆ, ಯಾರ ಕಣ್ಣಿಗೂ ಬೀಳದಂತೆ ತುಂಬಿಡುತ್ತಿದ್ದರು. ರಾಗಿಗೆ ಹುಳು ಸುಲಭವಾಗಿ ಹಿಡಿಯದು. ವರ್ಷಗಳವರೆಗೆ ಕೆಡದೆ ಉಳಿಯುವುದು. ಮಳೆ ತಪ್ಪಿದ ವರ್ಷ ಬಾಯಿ ತೆರೆದ ಹಗೇವನ್ನು ಯಾರೂ ಜಿಪುಣತನವೆನ್ನಲಾರರು. ಆದುದರಿಂದ ಬಚ್ಚಿಟ್ಟದ್ದು ದೋಷವಲ್ಲ. ರಾಶಿ ದೊಡ್ಡದಾದುದೂ ದೋಷವಲ್ಲ.

ಜೈನಾಚಾರ್ಯನಾದ ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಕೊಡುವ ಲಕ್ಷಣವು ಇಲ್ಲಿ ನೆರವಾಗುವುದು. ಅವನ ಮತದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ಆ ವಸ್ತುವಿನಲ್ಲಿ ಮೈಮರೆಯುವ ಮೂರ್ಛೆ. ಗೃಹಸ್ಥನು ಎಲ್ಲವನ್ನೂ ತೊರೆಯಬೇಕಿಲ್ಲ. ಇಷ್ಟು ಸಾಕೆಂದು ತಾನೇ ಗೆರೆ ಎಳೆದುಕೊಳ್ಳಬೇಕು. ಈ ಧರ್ಮ ನಮ್ಮ ಊರಿಗೆ ಹೊರಗಿನದಲ್ಲ. ತಗಡೂರೆಂಬ ಹೆಸರು ಈ ಊರಿಗಿದ್ದಾಗ, 893ರಲ್ಲಿ, ನಿಧಿಯಣ್ಣ, ಚಂದಿಯಣ್ಣ ಎಂಬ ಸಹೋದರರು ಇಲ್ಲೊಂದು ಬಸದಿಯನ್ನು ಕಟ್ಟಿಸಿದರು. ನೊಳಂಬ ದೊರೆ ಮಹೇಂದ್ರನಿಂದ ತನಗೆ ದೊರೆತ ಊರನ್ನು ನಿಧಿಯಣ್ಣನು ಬಸದಿಯ ಜೀರ್ಣೋದ್ಧಾರಕ್ಕಾಗಿ ಕನಕಸೇನ ಭಟಾರರಿಗೆ ಬಿಟ್ಟುಕೊಟ್ಟನು. ಇದನ್ನು ತಿಳಿಸುವ ಶಾಸನ ಕನ್ನಡದಲ್ಲಿದೆ. ವರ್ತಕನ ಮಗ, ಹೆಸರಿನಲ್ಲೇ ನಿಧಿಯನ್ನು ಹೊತ್ತವನು. ಅವನು ಕೂಡಿಟ್ಟುದು ಎಷ್ಟೆಂದು ಕಲ್ಲು ಹೇಳುವುದಿಲ್ಲ, ಕೊಟ್ಟುದನ್ನು ಹೇಳುತ್ತದೆ. ಪುಣ್ಯವನ್ನೂ ಕಾಸಿನಂತೆ ಕೂಡಿಡುವವರುಂಟು, ಅವನೂ ಹಾಗಿದ್ದಿರಬಹುದೆಂದು ಯಾರಾದರೂ ಹೇಳಿಯಾರು. ಸತ್ತವನ ಮನಸ್ಸನ್ನು ತನಿಖೆ ಮಾಡುವ ಅಧಿಕಾರ ನಮಗಿಲ್ಲ.

ಇದೇ ತಗಡೂರಿನ ಅದಿಯಮಾನ್ ನೆಡುಮಾನ್ ಅಂಜಿಯು ಆಯುಸ್ಸನ್ನು ಬೆಳೆಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಔವೈಯಾರಿಗೆ ಕೊಟ್ಟ ಕಥೆಯನ್ನು ತಮಿಳು ತರಗತಿಯ ಮಕ್ಕಳೂ ಬಲ್ಲರು. ದೊಡ್ಡ ತ್ಯಾಗವೇ ಸರಿ. ಆದರೆ ಅದು ಒಂದು ಕಾಯಿಯ, ಒಂದು ಗಳಿಗೆಯ ತ್ಯಾಗ. ಸ್ವಲ್ಪಸ್ವಲ್ಪವಾಗಿ ಕೂಡಿಡುವವನ ಕಷ್ಟ ಬೇರೆ. ಅವನಿಗೆ ಅಂಥ ಒಂದು ಗಳಿಗೆ ಬರುವುದೇ ಇಲ್ಲ. ಕಣಜವು ಯಾವ ದಿನ ಬಚ್ಚಿಟ್ಟ ಗಂಟಾಯಿತೆಂದು ಅವನಿಗೇ ಗೊತ್ತಾಗದು.

ಪರರ ಮಾತೇಕೆ? ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಬೀರುವೊಂದಿತ್ತು. ಈ ಕಡೆ ಮಕ್ಕಳ ಕನ್ನಡ ಪುಸ್ತಕಗಳು ಅಂಗಡಿಯಲ್ಲಿ ದೊರೆಯುವುದು ಕಷ್ಟವೆಂದು, ಬೆಂಗಳೂರಿಗೆ ಹೋದಾಗಲೆಲ್ಲ ಎರಡು ಮೂರನ್ನು ತರುತ್ತಿದ್ದೆನು. ಆರು ವರ್ಷಗಳಲ್ಲಿ 143 ಪುಸ್ತಕಗಳಾದವು. ದಾಸ್ತಾನು ಪುಸ್ತಕದಲ್ಲಿ ಒಂದೊಂದನ್ನೂ ನಮೂದಿಸಿ, ಸಂಖ್ಯೆ ಅಂಟಿಸಿದೆನು. ಮಕ್ಕಳು ಕೇಳಿದಾಗ, ಹರಿಯುವಿರಿ, ಕಳೆಯುವಿರಿ, ಕಳೆದರೆ ಮತ್ತೆ ಸಿಕ್ಕದು ಎನ್ನುತ್ತಿದ್ದೆನು. ತನಿಖೆಯಲ್ಲಿ ಸಂಖ್ಯೆ ತಪ್ಪಿದರೆ ಸಂಬಳದಿಂದ ಕಟ್ಟಬೇಕಾದೀತೆಂಬ ಭಯವೂ ಇತ್ತು. ಒಂದು ಬೇಸಗೆ ರಜೆ ಕಳೆದು ಬೀಗ ತೆಗೆದಾಗ ಕೆಳಗಿನ ಎರಡು ಸಾಲುಗಳು ಮಣ್ಣಾಗಿದ್ದವು. ಗೆದ್ದಲೂ ಸ್ವಲ್ಪಸ್ವಲ್ಪವಾಗಿಯೇ ಕೆಲಸ ಮಾಡುವುದು. ದಾಸ್ತಾನು ಪುಸ್ತಕದಲ್ಲಿ 143 ಎಂಬ ಸಂಖ್ಯೆ ನೆಟ್ಟಗೇ ಇತ್ತು. ಆರು ವರ್ಷ ಕಲೆಕ್ಟ್ ಮಾಡಿದ್ದೆನು. ಆ ಪದದ ಎರಡನೆಯ ಅರ್ಥವನ್ನು ಒಂದು ದಿನವೂ ನಡೆಸಿರಲಿಲ್ಲ.

ಮರುದಿನ ಆ ಹುಡುಗನಿಗೆ ಈ ಬೀರುವಿನ ಕಥೆಯನ್ನೇ ಉತ್ತರವಾಗಿ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗಿನ ಬೀರುವಿಗೆ ಬೀಗ ಇದೆಯಾ ಮೇಷ್ಟ್ರೇ?” ಎಂದನು. ಇದೆ, ಬೀಗದ ಕೈಯನ್ನು ತರಗತಿಯ ಮೊಳೆಗೆ ನೇತುಹಾಕಿದ್ದೇನೆ. ಅವನು ಒಯ್ದ ಮೊದಲನೆಯ ಪುಸ್ತಕ ಹನ್ನೊಂದನೆಯ ದಿನ ಹಿಂತಿರುಗಿತು. ಹೊದಿಕೆ ಹರಿದಿತ್ತು, ಇಪ್ಪತ್ತನೆಯ ಪುಟದಲ್ಲಿ ಹುಣಿಸೆಹಣ್ಣಿನ ಕಲೆಯಿತ್ತು. ಅವನ ತಂಗಿಯೂ ಓದಿದಳಂತೆ.