ಭೋಗ್ಯದ ಆಟ

ಪ್ರತಿ ತಿಂಗಳ ಹನ್ನೊಂದನೇ ತಾರೀಖು ನನ್ನ ಫೋನಿಗೆ ಬ್ಯಾಂಕಿನಿಂದ ಒಂದು ಸಂದೇಶ ಬರುತ್ತದೆ. ನಾಳೆ ನಿಮ್ಮ ಕಾರ್ಡಿನಿಂದ ಇಷ್ಟು ಹಣ ಕಡಿತವಾಗಲಿದೆ, ಬೇಡವಾದರೆ ಇಲ್ಲಿ ಒತ್ತಿ ಎಂದು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಜಾರಿಗೆ ತಂದ ನಿಯಮ ಇದು. ತಾನಾಗಿ ಕಡಿತವಾಗುವ ಹಣದ ಬಗ್ಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಬ್ಯಾಂಕಿನ ಬೇರೆ ಸಂದೇಶಗಳನ್ನು ಓದದೆ ಅಳಿಸುವ ನಾನು ಇದೊಂದನ್ನು ಓದುತ್ತೇನೆ. ಓದಿ, ಈ ತಿಂಗಳು ಏನಾದರೂ ಆಡಿದೆನಾ ಎಂದು ನೆನಪಿಸಿಕೊಳ್ಳುತ್ತೇನೆ. ಆಮೇಲೆ ಫೋನನ್ನು ಕವುಚಿ ಇಡುತ್ತೇನೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಅದು ವಿಡಿಯೋ ಗೇಮ್‌ಗಳ ಚಂದಾ. ಗ್ರಂಥಾಲಯಕ್ಕೆ ಕಟ್ಟುವಂತೆ ತಿಂಗಳಿಗಿಷ್ಟು ಕಟ್ಟಿದರೆ ನೂರಾರು ಆಟಗಳ ಬಾಗಿಲು ತೆರೆಯುತ್ತದೆ. ಕಟ್ಟುವುದು ನಿಂತರೆ ಅಷ್ಟೂ ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ಇಂಥ ಸೇವೆಗಳು ಈಗ ಹಲವಾರಿವೆ. ಎಲ್ಲರೂ ಉದಾಹರಣೆ ಕೊಡುವುದು ಮೈಕ್ರೋಸಾಫ್ಟ್‌ನ ಗೇಮ್ ಪಾಸ್. 2017ರ ಜೂನ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ ಹತ್ತು ಡಾಲರಿಗೆ ಒಂದು ಸೆಂಟ್ ಕಡಿಮೆಗೆ ಶುರುವಾದದ್ದು, 2024ರ ಫೆಬ್ರುವರಿ ಹೊತ್ತಿಗೆ 3 ಕೋಟಿ 40 ಲಕ್ಷ ಚಂದಾದಾರರನ್ನು ಹೊಂದಿತ್ತು. 2025ರ ಅಕ್ಟೋಬರ್‌ನಲ್ಲಿ ಅದರ ಮೇಲ್ದರ್ಜೆಯ ಚಂದಾ ಅಲ್ಲಿ 20 ಡಾಲರಿನಿಂದ 30 ಡಾಲರಿಗೆ ಏರಿತು. ನಮ್ಮಲ್ಲಿ 829 ರೂಪಾಯಿ ಇದ್ದದ್ದು 1,389 ಆಯಿತು.

ಲೆಕ್ಕ ಹಾಕೋಣ. ತಿಂಗಳಿಗೆ 1,389 ಎಂದರೆ ವರ್ಷಕ್ಕೆ 16,668. ದೊಡ್ಡ ಕಂಪನಿಯ ಹೊಸ ಆಟವೊಂದಕ್ಕೆ ನಾಲ್ಕರಿಂದ ಐದು ಸಾವಿರ ರೂಪಾಯಿ ಇರುವ ಕಾಲದಲ್ಲಿ ಅದು ಮೂರು ಅಥವಾ ನಾಲ್ಕು ಆಟದ ಬೆಲೆ. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಹೊಸ ಆಟ ಆಡುವವನಿಗೆ ಚಂದಾ ಲಾಭ, ಕಡಿಮೆ ಆಡುವವನಿಗೆ ನಷ್ಟ. ಇಷ್ಟಾದರೆ ಇದು ಐದನೇ ತರಗತಿಯ ಗಣಿತ, ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ. ನನ್ನ ತಾಪತ್ರಯ ಬೇರೆ. ಹೋದ ವರ್ಷ ನಾನು ತೆರೆದ ಆಟಗಳು 37. ಮುಗಿಸಿದ್ದು 3. ಉಳಿದ 34 ಆಟಗಳನ್ನು ನಾನು ಪಡೆದೆನೇ, ಕಳೆದುಕೊಂಡೆನೇ? ಅವನ್ನು ಲಾಭದ ಕಡೆ ಬರೆಯಬೇಕೋ ನಷ್ಟದ ಕಡೆ ಬರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ.

ನಾನು ದಾವಣಗೆರೆಯಲ್ಲಿ ಬೆಳೆದವನು. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಓಣಿಗೆಲ್ಲ ಒಬ್ಬನ ಮನೆಯಲ್ಲಿ ಮಾತ್ರ ಟಿವಿ ಗೇಮ್ ಇತ್ತು. ಆಟದ ಡಬ್ಬಿಗೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಚಿತ್ರ ಬರದಿದ್ದರೆ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಒಂಬತ್ತು ಲಕ್ಷ ಚಿಲ್ಲರೆ ಆಟಗಳಿವೆ ಎಂದು ಮೇಲೆ ಅಚ್ಚಾಗಿರುವ ಕ್ಯಾಸೆಟ್ ಒಂದಿತ್ತು. ಒಳಗಿದ್ದದ್ದು ಹೆಚ್ಚೆಂದರೆ ಎಂಟು, ಅವೇ ಸುತ್ತಿ ಸುತ್ತಿ ಬರುತ್ತಿದ್ದವು. ಕಾಂಟ್ರಾ ಕ್ಯಾಸೆಟ್ ಮಾತ್ರ ಬೇರೆಯೇ. ಅದು ಇದ್ದವನಿಗೆ ಕ್ರಿಕೆಟ್‌ನಲ್ಲಿ ಮೊದಲ ಬ್ಯಾಟಿಂಗ್. ಅದು ಒಬ್ಬನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗುತ್ತಿತ್ತು. ಅದಕ್ಕಾಗಿ ಜಗಳ ಆಗುತ್ತಿತ್ತು, ರಾಜಿಯೂ ಆಗುತ್ತಿತ್ತು. ಒಡೆತನ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ನನ್ನ ಬಳಿ ಇರುವುದು ಎಂಬುದಕ್ಕಿಂತ, ಬೇಕಾದವರಿಗೆ ಕಡ ಕೊಡಬಲ್ಲೆ, ಬೇಡವಾದವರಿಗೆ ಇಲ್ಲ ಎನ್ನಬಲ್ಲೆ ಎಂಬುದೇ ಅದರ ಅರ್ಥವಾಗಿತ್ತು. ಚಂದಾದಲ್ಲಿರುವ ನೂರಾರು ಆಟಗಳಲ್ಲಿ ಒಂದನ್ನೂ ನಾನು ಯಾರಿಗೂ ಕಡ ಕೊಡಲಾರೆ.

ಆದರೆ ಅದೇ ಓಣಿಯ ಮೂಲೆಯಲ್ಲಿ ಒಂದು ಪಾರ್ಲರ್ ಕೂಡ ಇತ್ತು. ಗಂಟೆಗೆ ಐದು ರೂಪಾಯಿ. ಟಿವಿ ಗೇಮ್ ಕೊಳ್ಳುವ ಶಕ್ತಿ ನಮ್ಮಪ್ಪನಿಗೆ ಇರಲಿಲ್ಲ. ಆ ಬಾಡಿಗೆ ಗಂಟೆಗಳು ಇಲ್ಲದಿದ್ದರೆ ನನಗೆ ಆಟ ಎಂಬುದೇ ಇರುತ್ತಿರಲಿಲ್ಲ. ಒಡೆತನದ ಬಗ್ಗೆ ಉದ್ದುದ್ದ ಮಾತಾಡುವಾಗ ಇದನ್ನು ಮರೆಯುವುದು ಸುಲಭ.

ಇದನ್ನು ನನಗೆ ನೆನಪಿಸುವವನು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ, ಹಾಸ್ಟೆಲ್‌ನಲ್ಲಿದ್ದಾನೆ. ಪರೀಕ್ಷೆ ಮುಗಿದ ದಿನ ಒಂದು ತಿಂಗಳ ಚಂದಾ ಕಟ್ಟುತ್ತಾನೆ, ಅದೇ ಗಳಿಗೆಯಲ್ಲಿ ಮುಂದಿನ ತಿಂಗಳದ್ದನ್ನು ರದ್ದು ಮಾಡುತ್ತಾನೆ. ರಜೆಯಲ್ಲಿ ಹಗಲೂ ರಾತ್ರಿ ಆಡಿ ನಾಲ್ಕೈದು ಆಟ ಮುಗಿಸುತ್ತಾನೆ. ಬಸ್ಸಿನ ಟಿಕೆಟ್ಟಿನಂತೆ ಅದನ್ನು ಬಳಸುತ್ತಾನೆ, ಊರು ಬಂದರೆ ಇಳಿಯುತ್ತಾನೆ. ನಾನು ಅಗ್ಗದ ಸೇಲ್‌ನಲ್ಲಿ ಕೊಂಡಿಟ್ಟು ಇನ್ನೂ ತೆರೆಯದ ಆಟಗಳ ಪಟ್ಟಿ ನೋಡಿ ಒಂದು ದಿನ ಕೇಳಿದ, “ಮಾಮ, ನೀನು ಆಟ ಆಡ್ತೀಯೋ, ಕೂಡಿ ಹಾಕ್ತೀಯೋ?”

ಉತ್ತರ ಹೊಳೆಯಲಿಲ್ಲ. ಚಂದಾದಿಂದ ಯಾರಿಗೆ ಲಾಭ ಎಂದು ಕೇಳಿದರೆ ಅವನಿಗೆ ಖಂಡಿತ ಲಾಭ. ನನ್ನಂಥವರಿಂದ ಕಂಪನಿಗೆ ಲಾಭ. ಫೋನ್ ಕವುಚಿ ಇಡುವವರ ದುಡ್ಡಿನ ಮೇಲೆಯೇ ಇಂಥ ವ್ಯಾಪಾರದ ಒಂದು ಪಾಲು ನಿಂತಿದೆ ಎಂಬುದು ನನ್ನ ಗುಮಾನಿ. ಜಿಮ್ ನಡೆಸುವವರಿಗೂ ಈ ಗುಟ್ಟು ಗೊತ್ತು.

ಆಟ ಎಂದರೇನು ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಹೆಸರಾದ ಉತ್ತರವೊಂದಿದೆ. ಬರ್ನಾರ್ಡ್ ಸೂಟ್ಸ್ 1978ರಲ್ಲಿ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕ ಬರೆದ. ಇರುವೆ ಮತ್ತು ಮಿಡತೆಯ ಹಳೆಯ ಕಥೆಯನ್ನು ತಿರುಗಿಸಿ, ಕೂಡಿಡುವ ಇರುವೆಯ ಬದಲು ಆಡುವ ಮಿಡತೆಯನ್ನು ನಾಯಕನನ್ನಾಗಿ ಮಾಡಿದ ಪುಸ್ತಕ. ಅವನ ಪ್ರಕಾರ ಆಡುವುದೆಂದರೆ ಅಗತ್ಯವಿಲ್ಲದ ಅಡ್ಡಿಗಳನ್ನು ನಮ್ಮ ಇಷ್ಟದಿಂದ ಮೈಮೇಲೆ ಎಳೆದುಕೊಳ್ಳುವುದು. ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಗೋಲಿನೊಳಗೆ ಇಡಬಹುದು, ಆದರೆ ಕಾಲಿನಿಂದಲೇ ಒದೆಯುತ್ತೇವೆಂದು ಒಪ್ಪಿಕೊಳ್ಳುತ್ತೇವೆ. ಆ ಒಪ್ಪಿಗೆ ಇಲ್ಲದಿದ್ದರೆ ಆಟವಿಲ್ಲ.

ಚಂದಾ ಮಾಡುವುದು ಏನೆಂದರೆ ಆ ಒಪ್ಪಿಗೆಯನ್ನು ತೆಳುವಾಗಿಸುವುದು. ಅಡ್ಡಿ ಎದುರಾದ ಕೂಡಲೇ ಪಕ್ಕದಲ್ಲಿ ಇನ್ನೂ ನೂರಾರು ಬಾಗಿಲು ಕಾಣುತ್ತವೆ. ನನ್ನ 34 ಆಟಗಳಲ್ಲಿ ಹೆಚ್ಚಿನವನ್ನು ನಾನು ಬಿಟ್ಟದ್ದು ಅವು ಕೆಟ್ಟದಾಗಿದ್ದವು ಎಂದಲ್ಲ. ಇಪ್ಪತ್ತು ನಿಮಿಷದ ಹೊತ್ತಿಗೆ ಸ್ವಲ್ಪ ಗಟ್ಟಿಯಾದವು, ಅಷ್ಟೆ. ಕನ್ನಡದಲ್ಲಿ ಹಂಗು ಎಂಬ ಮಾತಿದೆ. ಕೊಟ್ಟ ದುಡ್ಡಿನ ಹಂಗು ಇಲ್ಲದಿದ್ದರೆ ಬಿಟ್ಟೇಳುವುದು ಸುಲಭ. ಕಳೆದುಹೋದ ದುಡ್ಡಿನ ಮುಖ ನೋಡಿಕೊಂಡು ಮುಂದಿನ ತೀರ್ಮಾನ ಮಾಡಬಾರದು ಎಂದು ಅರ್ಥಶಾಸ್ತ್ರಜ್ಞರು ಬುದ್ಧಿ ಹೇಳುತ್ತಾರೆ. ಕೆಟ್ಟ ಸಿನಿಮಾಕ್ಕೆ ಟಿಕೆಟ್ ಕೊಂಡಿದ್ದೇನೆಂದು ಕೊನೆಯವರೆಗೆ ಕೂರುವುದು ದಡ್ಡತನ. ಸರಿಯೇ. ಆದರೆ ನನಗೆ ಹತ್ತಿರವಾದ ಕಷ್ಟದ ಪುಸ್ತಕಗಳಲ್ಲಿ ಅರ್ಧದಷ್ಟನ್ನು ನಾನು ಮುಗಿಸಿದ್ದು ಇಂಥ ದಡ್ಡತನದಿಂದಲೇ.

‘ಔಟರ್ ವೈಲ್ಡ್ಸ್’ ಎಂಬ ಆಟವನ್ನೇ ತೆಗೆದುಕೊಳ್ಳಿ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ 2019ರಲ್ಲಿ ಪೂರ್ಣರೂಪದಲ್ಲಿ ಬಂದ ಆಟ. ಒಂದು ಪುಟ್ಟ ಸೌರಮಂಡಲ, ಒಂದು ಲಡಕಾಸಿ ಗಗನನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ನೀವು ಸಾಯುತ್ತೀರಿ, ಮತ್ತೆ ಅದೇ ಬೆಂಕಿಯ ಪಕ್ಕದಲ್ಲಿ ಎಚ್ಚರಾಗುತ್ತೀರಿ. ಆಯುಧ ಸಿಗುವುದಿಲ್ಲ, ಬಲ ಹೆಚ್ಚುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟಿ ಬರುವುದು ನಿಮಗೆ ತಿಳಿದದ್ದು ಮಾತ್ರ. ಇದನ್ನು ನಾನು ಮೊದಲು ಚಂದಾದಲ್ಲಿ ತೆರೆದೆ. ಎರಡು ಸಲ ಸತ್ತೆ, ತಲೆಬುಡ ತಿಳಿಯಲಿಲ್ಲ, ನಲವತ್ತು ನಿಮಿಷಕ್ಕೆ ಬಿಟ್ಟು ಕಾರು ಓಡಿಸುವ ಆಟವೊಂದಕ್ಕೆ ಹೋದೆ. ಎರಡು ವರ್ಷದ ಮೇಲೆ ಅದನ್ನೇ ದುಡ್ಡು ಕೊಟ್ಟು ಕೊಂಡೆ. ಕೊಟ್ಟಿದ್ದೇನಲ್ಲ ಎಂದು ಕೂತೆ. ಮೂರನೇ ರಾತ್ರಿ ಮರಳು ಸೋರಿ ಖಾಲಿಯಾಗುವ ಗ್ರಹದೊಳಗೆ ಒಂದು ಬರಹ ಓದಿದಾಗ ಹಿಂದೆ ನೋಡಿದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಮೈ ಜುಮ್ಮೆಂದಿತು. ಆ ರಾತ್ರಿಯನ್ನು ನನಗೆ ಕೊಟ್ಟದ್ದು ದುಡ್ಡಿನ ಹಂಗು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಈಗ ಅದರ ತಮಾಷೆ ಕೇಳಿ. ಆ ಆಟವನ್ನು ಒಮ್ಮೆ ಮಾತ್ರ ಆಡಬಹುದು. ತಿಳಿದದ್ದನ್ನು ಮರೆಯಲಾಗದು, ತಿಳಿದ ಮೇಲೆ ಅಲ್ಲಿ ಮಾಡಲು ಏನೂ ಇಲ್ಲ. ಅಂದರೆ ಇನ್ನೆಂದೂ ಆಡಲಾಗದ ವಸ್ತುವಿನ ಒಡೆಯ ನಾನು. ಅಳಿಯನಿಗೆ ಇದನ್ನು ಹೇಳಿದರೆ ನಕ್ಕು, “ಬಾಡಿಗೆಗೇ ಸರಿಹೋಗ್ತಿತ್ತಲ್ಲ ಮಾಮ” ಎಂದ.

ಅಲ್ಲದೆ, ಒಡೆಯ ಎಂಬ ಮಾತೂ ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು. ಡಿಜಿಟಲ್ ಆಟವನ್ನು ‘ಕೊಳ್ಳಿ’ ಎಂದು ಮಾರುವವರು, ಗ್ರಾಹಕನಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಅದೇ ವರ್ಷ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ 2014ರ ತನ್ನ ‘ದಿ ಕ್ರೂ’ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. ಪೂರ್ತಿ ಬೆಲೆ ಕೊಟ್ಟು ಅಂಗಡಿಯಲ್ಲಿ ಡಿಸ್ಕ್ ಕೊಂಡು ತಂದವರ ಆಟವೂ ನಿಂತಿತು. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕೊಂಡವನೂ ಬಾಡಿಗೆದಾರನೇ ಎಂದಾದರೆ, ಬಾಡಿಗೆ ಎಂದು ಬಾಯಿಬಿಟ್ಟು ಹೇಳುವ ಚಂದಾ ಹೆಚ್ಚು ಪ್ರಾಮಾಣಿಕ ಎಂದು ವಾದಿಸಬಹುದು. ನಾನೂ ಕೆಲವು ತಿಂಗಳು ಹಾಗೆಯೇ ವಾದಿಸುತ್ತಿದ್ದೆ.

ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಪಡೆದವರಿಗೆ ಗೊತ್ತು, ಭೋಗ್ಯವೂ ಒಡೆತನವಲ್ಲ. ಆದರೂ ಪತ್ರದಲ್ಲಿ ಅವಧಿ ಬರೆದಿರುತ್ತದೆ. ಮೂರು ವರ್ಷ ಎಂದರೆ ಮೂರು ವರ್ಷ ಗೋಡೆಗೆ ಮೊಳೆ ಹೊಡೆಯಬಹುದು, ಕುಂಡದಲ್ಲಿ ತುಳಸಿ ನೆಡಬಹುದು. ಆಟದ ಚಂದಾದಲ್ಲಿ ನನಗೆ ಅವಧಿ ಗೊತ್ತಿರುವುದು ಹಣಕ್ಕೆ ಮಾತ್ರ, ಆಟಕ್ಕಲ್ಲ. ನಾನು ಕಟ್ಟುವ ಸೇವೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಹೋದ ವರ್ಷ ಅದರ ಪಟ್ಟಿಯಿಂದ ಒಂದು ಆಟ ಹೊರಟಿತು. ಬೇಸಾಯ ಮಾಡಿ ಊರು ಕಟ್ಟುವ ಆಟ. ಅಳಿಯ ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೂ ಸೇರಿ ಶುರು ಮಾಡಿದ್ದು. ಹಳ್ಳದ ಪಕ್ಕದ ಓಣಿಗೆ ಅವನು ನಮ್ಮ ಅಜ್ಜಿಯ ಹೆಸರಿಟ್ಟಿದ್ದ. ಎರಡು ವಾರ ಮೊದಲು ಸೂಚನೆ ಬಂದಿತ್ತು, ನಾನು ಗಮನಿಸಿರಲಿಲ್ಲ. ನಾವು ಕಟ್ಟಿದ ಊರು ಈಗಲೂ ಯಾವುದೋ ಸರ್ವರ್‌ನಲ್ಲಿ ಹಾಗೇ ಇದೆ. ಒಳಗೆ ಹೋಗಬೇಕಾದರೆ ಆಟವನ್ನು ಬೇರೆಯಾಗಿ ಕೊಳ್ಳಬೇಕು.

1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದಾಗ ಉಳುವವನೇ ಹೊಲದೊಡೆಯ ಎಂಬ ಮಾತು ಮನೆಮನೆಯ ಮಾತಾಯಿತು. ಗೇಣಿದಾರನ ಹಸಿವಿನ ಪಕ್ಕದಲ್ಲಿ ನನ್ನ ಕಾಲಹರಣವನ್ನು ಇಡುವುದು ಅಸಭ್ಯ, ಇಡುವುದಿಲ್ಲ. ಅಲ್ಲಿಂದ ಒಂದು ಕಾಳಷ್ಟನ್ನು ಮಾತ್ರ ಎರವಲು ಪಡೆಯುತ್ತೇನೆ. ಬೆವರು ಹರಿಸಿದ ಜಾಗದ ಮೇಲೆ ಹರಿಸಿದವನಿಗೆ ಒಂದು ಹಕ್ಕು ಹುಟ್ಟುತ್ತದೆ, ಕಾಗದ ಏನೇ ಹೇಳಲಿ. ಅಜ್ಜಿಯ ಹೆಸರಿನ ಓಣಿಯಲ್ಲಿ ನಾವು ಕಳೆದ ಅರವತ್ತು ಗಂಟೆಯನ್ನು ತಿಂಗಳ ಚಂದಾ ಕೊಂಡುಕೊಂಡಿಲ್ಲ.

ಆಟ ಮಾಡುವವರ ಕಥೆ ಇನ್ನೂ ಗೋಜಲು. ಗೇಮ್ ಪಾಸ್‌ಗೆ ಆಟ ಕೊಟ್ಟವರಿಗೆ ಹಣ ಸಿಗುವುದು ಒಂದೇ ಬಗೆಯಲ್ಲಲ್ಲ. ಕೆಲವರಿಗೆ ಮುಂಗಡವಾಗಿ ಇಡಿಗಂಟು, ಕೆಲವರಿಗೆ ಎಷ್ಟು ಆಡಿದರು ಎಂಬುದರ ಮೇಲೆ. ಸಣ್ಣ ತಂಡಕ್ಕೆ ಮುಂಗಡ ಹಣ ನಿಜಕ್ಕೂ ಜೀವದಾನ. ಆಟ ಸೋತರೂ ಮನೆ ಬಾಡಿಗೆ ಕಟ್ಟಬಹುದು. ಆದರೆ ಕೊಳ್ಳುವವರು ನಾಲ್ಕೇ ಜನ ಇದ್ದರೆ ಏನಾಗುತ್ತದೆಂದು ಕನ್ನಡ ಸಿನಿಮಾದವರನ್ನು ಕೇಳಬೇಕು. ಓಟಿಟಿಗಳು ಮುಂದೆ ಬರದೆ 2024ರಲ್ಲಿ ರಕ್ಷಿತ್ ಶೆಟ್ಟಿ ತಂಡ ‘ಏಕಮ್’ ಸರಣಿಯನ್ನು ತನ್ನದೇ ವೇದಿಕೆಯಲ್ಲಿ ಬಿಡುಗಡೆ ಮಾಡಬೇಕಾಯಿತು.

ಟೋಕಿಯೋದ ಟ್ಯಾಂಗೋ ಗೇಮ್‌ವರ್ಕ್ಸ್ ಮಾಡಿದ ‘ಹೈ-ಫೈ ರಷ್’ 2023ರ ಜನವರಿ 25ರಂದು, ಘೋಷಣೆಯಾದ ದಿನವೇ ಗೇಮ್ ಪಾಸ್‌ಗೂ ಬಂತು. ಹೊಡೆದಾಟವೆಲ್ಲ ಹಾಡಿನ ತಾಳಕ್ಕೆ ನಡೆಯುವ ಖುಷಿಯ ಆಟ. ಜನ ಮೆಚ್ಚಿದರು, ಪ್ರಶಸ್ತಿ ಬಂದವು, ಕಂಪನಿಯವರೂ ಹೊಗಳಿದರು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಸ್ಟುಡಿಯೋವನ್ನೇ ಮುಚ್ಚುವುದಾಗಿ ಹೇಳಿತು. ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಅದನ್ನು ಕೈಗೆತ್ತಿಕೊಂಡದ್ದು ಅದೃಷ್ಟ. ಮುಚ್ಚಿದ್ದಕ್ಕೆ ಚಂದಾ ಪದ್ಧತಿಯೇ ಕಾರಣ ಎಂದು ನಾನು ಹೇಳಲಾರೆ. ನನ್ನನ್ನು ಕಾಡುವುದು ನನ್ನ ಪಾತ್ರ. ಆ ಆಟವನ್ನು ನಾನು ಚಂದಾದಲ್ಲಿ ಮುಗಿಸಿದೆ. ಆ ವರ್ಷ ಮುಗಿಸಿದ ಕೆಲವೇ ಆಟಗಳಲ್ಲಿ ಅದೊಂದು. ಅಷ್ಟು ಇಷ್ಟಪಟ್ಟವನು ಅದನ್ನು ಮಾಡಿದವರಿಗೆ ಕೊಟ್ಟದ್ದೇನು? ಮೂವತ್ತು ಆಟಗಳ ನಡುವೆ ಹಂಚಿಹೋದ ಚಿಲ್ಲರೆಯಲ್ಲಿ ಅವರ ಪಾಲೆಷ್ಟು ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಸುದ್ದಿ ಓದಿದ ದಿನ ಸ್ಟೀಮ್‌ನಲ್ಲಿ ಅದನ್ನು ಕೊಂಡೆ. ತಡವಾದ ಮುಯ್ಯಿ.

ಹನ್ನೊಂದನೇ ತಾರೀಖಿನ ಸಂದೇಶ ಈ ತಿಂಗಳೂ ಬಂತು. ರದ್ದು ಮಾಡುವ ಪುಟದವರೆಗೂ ಹೋದೆ. ನೀವು ಕಳೆದುಕೊಳ್ಳಲಿರುವ ಆಟಗಳು ಎಂದು ಒಂದು ಸಾಲು ಚಿತ್ರ ತೋರಿಸಿತು. ಅವುಗಳಲ್ಲಿ ಒಂದನ್ನೂ ನಾನು ಆಡಿರಲಿಲ್ಲ. ಅಷ್ಟರಲ್ಲಿ ಅಳಿಯನ ಫೋನ್. ಪರೀಕ್ಷೆ ಮುಗಿಯಿತಂತೆ, ಭಾನುವಾರ ಬರುತ್ತಾನಂತೆ. “ಈ ಸಲ ನಾನು ಚಂದಾ ಕಟ್ಟಲ್ಲ ಮಾಮ, ನಿಂದೇ ಇದೆಯಲ್ಲ” ಎಂದ. ಪುಟ ಮುಚ್ಚಿದೆ. ಸಂಜೆ ಕೂತು ಅಜ್ಜಿಯ ಓಣಿ ಇರುವ ಆ ಆಟದ ಬೆಲೆ ನೋಡಿದೆ, 1,100 ರೂಪಾಯಿ. ಅದನ್ನೂ ಕೊಂಡು ಇನ್‌ಸ್ಟಾಲ್‌ಗೆ ಹಾಕಿ ಮಲಗಿದೆ.