ಕೋಳಿಗೆ ಎಷ್ಟು ಜಾಗ ಬೇಕು?

ಶಾಲೆಯಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂದು ಕರ್ನಾಟಕ ವರ್ಷಗಟ್ಟಲೆ ಜಗಳವಾಡಿತು. ಮಠಾಧೀಶರು, ಆಹಾರತಜ್ಞರು, ಕಡೆಗೆ ಮಕ್ಕಳೂ ಮಾತಾಡಿದರು. ಮೊಟ್ಟೆ ಗೆದ್ದಿತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಸಿಗುವಂತಾಯಿತು. ಸರಿಯಾದ ತೀರ್ಮಾನವೇ. ಆದರೆ ಇಷ್ಟೆಲ್ಲ ವಾದದಲ್ಲಿ ಮೊಟ್ಟೆಯಿಟ್ಟ ಕೋಳಿಯ ಮಾತು ಬರಲೇ ಇಲ್ಲ.

ಕಾನೂನಿಗೆ ಅದರ ನೆನಪಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಆ ದುಡ್ಡಿಗೆ ಇವತ್ತು ಒಂದು ಡಜನ್ ಮೊಟ್ಟೆಯೂ ಬರುವುದಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಕೋಳಿ ಸಾಕಣೆಗೆಂದೇ ನಿಯಮಗಳ ಕರಡು ಬರೆದುಕೊಟ್ಟಿತು. 2019ರ ಕೇಂದ್ರದ ಕರಡು ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಎಂದಿತು. ಜೆರಾಕ್ಸ್ ಅಂಗಡಿಯ ಎ4 ಹಾಳೆ ಇದಕ್ಕಿಂತ ದೊಡ್ಡದು.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಕಡೆಯ ಹಿತ್ತಲಲ್ಲಿ ನಾಟಿ ಕೋಳಿಯನ್ನು ಕಂಡವರಿಗೆ ಈ ಅಳತೆಯ ಕೊರತೆ ಬೇಗ ಗೊತ್ತಾಗುತ್ತದೆ. ಅದು ತಿಪ್ಪೆ ಕೆದಕುತ್ತದೆ, ಬಿಸಿಲೇರಿದರೆ ಮಣ್ಣು ತೋಡಿ ಹೊರಳಾಡುತ್ತದೆ, ಮೊಟ್ಟೆಯಿಡಲು ಮೂಲೆ ಹುಡುಕುತ್ತದೆ. ಫಾರಂ ಪಂಜರದಲ್ಲಿ ತಂತಿಯ ನೆಲ ಮುಂದಕ್ಕೆ ವಾಲಿರುತ್ತದೆ. ಇಟ್ಟ ಮೊಟ್ಟೆ ತಾನಾಗಿ ಉರುಳಿ ಹೊರಗೆ ಬರುತ್ತದೆ. ಕೆದಕಲು ಮಣ್ಣೂ ಇಲ್ಲ, ಮರೆಯಾಗಲು ಮೂಲೆಯೂ ಇಲ್ಲ.

ಹಳ್ಳಿಯವರೇನು ದಯಾಮಯರೇ ಎಂದು ಕೇಳಬಹುದು. ಅಲ್ಲ. ನಾವೂ ಸಂಜೆಯಾದರೆ ಕೋಳಿಯ ಮೇಲೆ ಮಂಕರಿ ಕವುಚುತ್ತೇವೆ, ಕಾಲು ಕಟ್ಟಿ ತಲೆಕೆಳಗಾಗಿ ಸಂತೆಗೆ ಒಯ್ಯುತ್ತೇವೆ. ಅದೂ ಹಿಂಸೆಯೇ. ಆದರೆ ಬೆಳಗಾದರೆ ಮಂಕರಿ ಎತ್ತುತ್ತೇವೆ. ಕೂಡಿಹಾಕಿದ ಹೊತ್ತೇ ಇಡೀ ಆಯುಷ್ಯವಾದರೆ ಅದನ್ನು ಸಾಕಣೆ ಎನ್ನಲಾಗದು.

ಆದ್ದರಿಂದ ಎಷ್ಟು ಜಾಗ ಎನ್ನುವುದಕ್ಕಿಂತ ಆ ಜಾಗದಲ್ಲಿ ಕೋಳಿ ಏನು ಮಾಡಬಹುದು ಎನ್ನುವುದೇ ಮುಖ್ಯ ಪ್ರಶ್ನೆ. ಜಲ್ಲಿಕಟ್ಟಿನ ಕುರಿತ 2014ರ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಜವಾಗಿ ವರ್ತಿಸುವುದೂ ಪ್ರಾಣಿಯ ಸ್ವಾತಂತ್ರ್ಯಗಳಲ್ಲಿ ಒಂದು ಎಂದಿತು. ಯುರೋಪಿಯನ್ ಒಕ್ಕೂಟ 2012ರಿಂದ ಬರಿ ಪಂಜರಗಳನ್ನು ನಿಷೇಧಿಸಿದಾಗ ತಲಾ 750 ಚದರ ಸೆಂಟಿಮೀಟರ್ ಜೊತೆಗೆ ಗೂಡು, ಕೂರುವ ಕೋಲು, ಕೆದಕುವ ಹಾಸನ್ನೂ ಕೇಳಿತು. ನಮ್ಮ ನಿಯಮವೂ ಹಾಗೆ ಕೇಳಬೇಕು.

ಇದರಿಂದ ಮೊಟ್ಟೆ ತುಟ್ಟಿಯಾಗುತ್ತದೆ, ಬಡವರ ಮಕ್ಕಳ ತಟ್ಟೆಗೆ ಕತ್ತರಿ ಬೀಳುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಹೆಚ್ಚಿನ ಖರ್ಚನ್ನು ಮಗುವೇ ಹೊರಬೇಕೆಂದೇನೂ ಇಲ್ಲ, ಚಿಕ್ಕ ಸಾಕಣೆದಾರನೂ ಹೊರಬೇಕಿಲ್ಲ. ಶಾಲೆಯ ಮೊಟ್ಟೆಗೆ ದರ ನಿಗದಿ ಮಾಡುವುದು ಸರ್ಕಾರ. ಆ ದರದಲ್ಲಿ ಕೋಳಿಯ ಪಾಲನ್ನೂ ಸೇರಿಸಲಿ, ಪಂಜರ ಬಿಟ್ಟು ಸಾಕುವವರಿಂದ ಮೊದಲು ಕೊಳ್ಳಲಿ.