ಗುಡ್ಡೆಗೆ ಹೋಗುವ ಮಾತು

ನಮ್ಮ ಗುತ್ತಿಗಾರಿನ ಕಡೆ ಹಿಂದೆ ಬೆಳಗಿನ ಹೊತ್ತು ಒಬ್ಬನು ಗುಡ್ಡೆಗೆ ಹೋದನೆಂದರೆ ಅದಕ್ಕೆ ಎರಡು ಅರ್ಥಗಳಿದ್ದುವು. ಕೈಯಲ್ಲಿ ಕತ್ತಿಯಿದ್ದರೆ ತೋಟಕ್ಕೆ ಸೊಪ್ಪು ತರಲು, ಚೆಂಬಿದ್ದರೆ ಇನ್ನೊಂದಕ್ಕೆ. ಆ ಇನ್ನೊಂದು ಏನೆಂದು ಯಾರೂ ಕೇಳುತ್ತಿರಲಿಲ್ಲ, ಯಾರಿಗೂ ತಿಳಿಯದೆಯೂ ಇರಲಿಲ್ಲ. ಘಟ್ಟದ ಮೇಲಿನವರು ಇದೇ ಕೆಲಸಕ್ಕೆ 'ಕೆರೆಯ ಕಡೆ' ಹೋದರು. ಬಯಲುಸೀಮೆಯವರು 'ಬಯಲಿಗೆ' ಹೋದರು. ಊರಿನ ನೆಲ ಹೇಗೋ ಸಭ್ಯತೆಯ ಮಾತೂ ಹಾಗೆ. 'ಉಚ್ಚೆ', 'ಹೇಲು' ಎಂಬ ಅಚ್ಚಗನ್ನಡ ಶಬ್ದಗಳನ್ನು ಮಕ್ಕಳಿಗೂ ಜಗಳಕ್ಕೂ ಮೀಸಲಿಟ್ಟೆವು. (ಇವನ್ನು ಬರೆಯುವಾಗ ನನ್ನ ಲೇಖನಿಯೂ ಒಂದು ಕ್ಷಣ ತಡೆಯಿತು; ಸಂಪಾದಕರದೂ ತಡೆದೀತು.)

ಹೆಸರಿಗೆ ಹೆದರಿ ಓಡುವುದರಲ್ಲಿ ನಾವು ಒಂಟಿಯಲ್ಲ. ಇಂಗ್ಲಿಷರ 'ಟಾಯ್ಲೆಟ್' ಮೂಲದಲ್ಲಿ ಫ್ರೆಂಚರ ಒಂದು ತುಂಡು ಬಟ್ಟೆ. 'ಲ್ಯಾವೆಟರಿ' ಲ್ಯಾಟಿನಿನಲ್ಲಿ ತೊಳೆದುಕೊಳ್ಳುವ ಸ್ಥಳ. ಅಮೆರಿಕದವರು ಸ್ನಾನ ಮಾಡದೆಯೇ 'ಬಾತ್‌ರೂಮಿ'ಗೆ, ದಣಿಯದೆಯೇ 'ರೆಸ್ಟ್‌ರೂಮಿ'ಗೆ ಹೋಗಿಬರುತ್ತಾರೆ. ಪಾರಸಿಯ 'ಪಾಯಿಖಾನೆ' ಎಂದರೆ ಕಾಲಿನ ಮನೆ. ಸಂಸ್ಕೃತದ 'ಶೌಚ'ವಂತೂ ಶುದ್ಧಿಯೇ! ನೇರವಾಗಿ ಮಾತಾಡಿದವರು ಡಚ್ಚರೊಬ್ಬರೆ. ನಮ್ಮ 'ಕಕ್ಕಸು' ಅವರ ಭಾಷೆಯಿಂದ ಬಂದುದೆನ್ನುತ್ತಾರೆ. ಅಲ್ಲಿ ಅದರ ಅರ್ಥ ಮಲದ ಮನೆ ಎಂದೇ. ಅರ್ಥ ತಿಳಿಯದ್ದರಿಂದ ನಮಗದು ಮರ್ಯಾದೆಯ ಮಾತಾಯಿತು. ಬಳಸುತ್ತ ಬಂದಂತೆ ಅದೂ ಮೈಲಿಗೆಯಾಗಿ 'ಲೆಟ್ರಿನ್' ಬಂತು, 'ಶೌಚಾಲಯ' ಬಂತು, ಈಗ 'ವಾಷ್‌ರೂಮ್' ಬಂದಿದೆ. ಹೊಸ ಬಟ್ಟೆಯಾದರೇನು, ಉಡುವ ಮೈ ಅದೇ, ಬೇಗನೆ ಮಾಸುತ್ತದೆ.

'ಬಹಿರ್ದೆಸೆ' ಎಂದರೆ ಹೊರಗಿನ ದಿಕ್ಕು. ಸರಕಾರದ ಕಾಗದಪತ್ರಗಳು ಈಗ 'ಬಯಲು ಬಹಿರ್ದೆಸೆ' ಎನ್ನುತ್ತವೆ. ಹೊರಗಿಗೆ ಇನ್ನೊಂದು ಹೊರಗನ್ನು ಜೋಡಿಸಬೇಕಾಯಿತೆಂದರೆ, ಮೊದಲನೆಯದು ಯಾವಾಗಲೋ ಮನೆಯೊಳಗೆ ಬಂದು ಸೇರಿತೆಂದಲ್ಲವೆ?

ಇದೆಲ್ಲ ಬೂಟಾಟಿಕೆ, ಇದ್ದುದನ್ನು ಇದ್ದಂತೆ ಹೇಳಬೇಕು ಎನ್ನುವವರುಂಟು. ನಾನು ಅಷ್ಟು ದೂರ ಹೋಗಲಾರೆ. ಶಾಲೆಯಲ್ಲಿ ಮಗು ಕಿರುಬೆರಳೆತ್ತಿ 'ಸಾರ್, ಒಂದಕ್ಕೆ' ಎನ್ನುತ್ತದೆ. ತರಗತಿಯ ನಡುವೆ ನಾಚದೆ ತನ್ನ ಅಗತ್ಯವನ್ನು ಹೇಳಿಕೊಳ್ಳಲು ಹಿರಿಯರು ಅದಕ್ಕೆ ಕೊಟ್ಟ ಉಪಾಯ ಅದು. ಅದರಲ್ಲಿ ನನಗೆ ಸುಳ್ಳು ಕಾಣುವುದಿಲ್ಲ, ದಯೆಯೇ ಕಾಣುತ್ತದೆ. ಹೇಳುವುದಕ್ಕೆ ನೆರವಾಗುವವರೆಗೆ ಮರೆಮಾತು ಸೌಜನ್ಯ. ಆದರೆ ಅದು ಬಾಯಿಗೆ ಬೀಗವಾಗುವುದೂ ಉಂಟು. ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಗಂಡಸಾದವನು ಕಂಡಕ್ಟರನಿಗೆ ಸನ್ನೆಮಾಡಿ ಇಳಿದು ಮರದ ಮರೆಗೆ ಹೋಗಿಬರುತ್ತಾನೆ. ಹೆಂಗಸಿಗೆ ಆ ಸನ್ನೆಯೂ ಇಲ್ಲ, ಆ ಮರವೂ ಇಲ್ಲ. ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯದಿರುವುದು ನಮ್ಮ ಮನೆಯ ಹೆಂಗಸರಲ್ಲಿ ವ್ರತದಂತೆ ನಡೆದುಬಂದಿತ್ತು. ಏಕೆಂದು ಅವರು ಹೇಳಲಿಲ್ಲ; ನಾವು ಗಂಡಸರು ಕೇಳಲೂ ಇಲ್ಲ.

ಇದಕ್ಕಿಂತ ದೊಡ್ಡ ಮರೆಯೊಂದಿದೆ. ಮಲಕ್ಕೆ ಇಂಗ್ಲಿಷಿನಲ್ಲಿ 'ನೈಟ್ ಸಾಯಿಲ್' ಎಂಬ ಹೆಸರಿತ್ತು; ಎಂದರೆ ಇರುಳಿನ ಮಣ್ಣು. ಇರುಳಲ್ಲಿ ಸಾಗಿಸುತ್ತಿದ್ದುದರಿಂದ ಬಂದ ಹೆಸರು. ಕೇಳಲು ಕಾವ್ಯದಂತಿದೆ. ಹೊತ್ತವನ ತಲೆಯ ಮೇಲೆ ಸೋರಿದ್ದು ಮಾತ್ರ ಕಾವ್ಯವಾಗಿರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಇದನ್ನು ನಿಷೇಧಿಸಿದರು. ನಮ್ಮಲ್ಲಿ ಅದಕ್ಕೆ ನಿಂತ ಹೆಸರು 'ಮಲ ಹೊರುವ ಪದ್ಧತಿ'. ಶಬ್ದ ಒರಟು. ಒರಟಾದುದರಿಂದಲೇ ಅದು ತಟ್ಟಬೇಕಾದವರಿಗೆ ತಟ್ಟಿತೆಂದು ನನ್ನ ಭಾವನೆ. 'ಇರುಳಿನ ಮಣ್ಣು ಸಾಗಣೆ' ಎಂದಿದ್ದರೆ ಯಾರ ನಿದ್ದೆ ಕೆಡುತ್ತಿತ್ತು?

1993ರಲ್ಲಿ, ಮತ್ತೆ 2013ರಲ್ಲಿ ಕೇಂದ್ರದ ಕಾನೂನುಗಳೂ ಆದುವು. ಆದರೂ ಮ್ಯಾನ್‌ಹೋಲಿಗಿಳಿದವರು 'ವಿಷಾನಿಲ ಸೇವಿಸಿ' ಸತ್ತ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಇಂದಿಗೂ ಬರುತ್ತಿರುತ್ತದೆ. ವಿಷಾನಿಲವೆಂದರೆ ಯಾವುದೋ ಕಾರ್ಖಾನೆಯಿಂದ ಸೋರಿ ಬಂದಿರಬೇಕೆಂದು ಓದುವವನಿಗೆ ತೋರುತ್ತದೆ. ಅದರಲ್ಲಿ ಮುಖ್ಯವಾದುದು ಹೈಡ್ರೋಜನ್ ಸಲ್ಫೈಡ್. ನಮ್ಮ ನಮ್ಮ ವಾಷ್‌ರೂಮುಗಳಿಂದ ಕೊಳವೆಯಲ್ಲಿ ಇಳಿದುಹೋದುದು ಕೊಳೆತು ಹುಟ್ಟಿದ ಗಾಳಿ.